ಮಾಡಿದವರು ಯಾರು?

ಅರಸೀಕೆರೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಈಗೀಗ ತಪ್ಪದೆ ಕೇಳಿಬರುವ ಮಾತೊಂದಿದೆ. “ಅಣ್ಣ, ಚೈನಾದ್ದು ಬ್ಯಾಡ, ನಮ್ ದೇಶದ್ದೇ ಕೊಡಿ.” ಅಂಗಡಿಯವರು ಬಾಕ್ಸ್ ತೆಗೆದು ಮುಂದಿಡುತ್ತಾರೆ. “ಇದು ನಮ್ದೇ ಗೌಡ್ರೆ, ಹಿಂದ್ಗಡೆ ಬರ್ದವ್ರೆ ನೋಡಿ.” ಗೌಡರು ಬಾಕ್ಸ್ ತಿರುಗಿಸಿ ನೋಡುತ್ತಾರೆ. ಸಣ್ಣ ಅಕ್ಷರದ ಹತ್ತು ಸಾಲು, ನಾಲ್ಕೈದು ಚಿಹ್ನೆ, ಒಂದು ಬಾರ್‌ಕೋಡ್. ಬೆಲೆ ಕುದುರುತ್ತದೆ, ದುಡ್ಡು ಕೈ ಬದಲಾಗುತ್ತದೆ. ಅನುಮಾನ ಮಾತ್ರ ಬಾಕ್ಸಿನ ಜೊತೆ ಮನೆಗೇ ಹೋಗುತ್ತದೆ.

ಅದೇ ಅನುಮಾನ ಈ ಅಂಕಣದ ಓದುಗರದ್ದೂ ಹೌದು. ಪೂರ್ತಿ ದೇಶಿ ಫೋನ್ ಸಿಗುತ್ತದೆಯೇ, ದೇಶಿ ಟಿವಿ ಯಾವುದು ಎಂದು ಕೇಳುವವರು ಬಹಳ. ಇನ್ನು ಕೆಲವರ ಬೇಡಿಕೆ ಬೇರೆ: ರಾತ್ರಿ ಹಿಡಿದರೆ ಮುಗಿಸಿಯೇ ಏಳುವಂಥ ಸಸ್ಪೆನ್ಸ್ ಕಾದಂಬರಿ, ಅದೂ ನಮ್ಮವರೇ ಬರೆದದ್ದು, ನಮ್ಮ ಕಡೆಯ ಕಾಡು, ತೋಟ, ಗುಡಿ ಇರುವಂಥದ್ದು ಯಾವುದಿದೆ? ಎರಡಕ್ಕೂ ಒಂದೇ ವಾರ ಉತ್ತರಿಸಲು ಕಾರಣವಿದೆ. ಮೊದಲನೆಯದನ್ನು ಹುಡುಕುವುದು ಎಷ್ಟು ಕಷ್ಟವೋ ಎರಡನೆಯದು ಅಷ್ಟೇ ಸಲೀಸಾಗಿ ಸಿಗುತ್ತದೆ. ಆದರೂ ಬಾಕ್ಸ್ ತಿರುಗಿಸಿ ನೋಡುವಷ್ಟು ಆಸ್ಥೆಯಿಂದ ನಾವು ಪುಸ್ತಕವನ್ನು ತಿರುಗಿಸಿ ನೋಡುವುದಿಲ್ಲ.

ಮೊದಲು ಬಾಕ್ಸಿನ ವಿಷಯ. ಬಾರ್‌ಕೋಡ್ 890ರಿಂದ ಶುರುವಾದರೆ ಸರಕು ಭಾರತದ್ದೇ ಎಂಬ ನಂಬಿಕೆ ವಾಟ್ಸ್‌ಆ್ಯಪ್ ಮೂಲಕ ಹಳ್ಳಿಹಳ್ಳಿಗೂ ಹಬ್ಬಿದೆ. ಅದು ತಪ್ಪು. ಆ ಮೂರು ಅಂಕಿ ಹೇಳುವುದು ಇಷ್ಟೇ: ಬಾರ್‌ಕೋಡ್ ಪಡೆದ ಕಂಪನಿ ಜಿಎಸ್‌1 ಇಂಡಿಯಾ ಎಂಬ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದೆ. ಸರಕು ಹಡಗಿನಲ್ಲಿ ಬಂದಿದ್ದರೂ ಅದರ ಮೇಲೆ 890 ಇರಬಹುದು. ಚಾರ್ಜರ್, ಪವರ್ ಬ್ಯಾಂಕ್, ಎಲ್‌ಇಡಿ ಬಲ್ಬುಗಳ ಮೇಲಿನ ಬಿಐಎಸ್ ಗುರುತಿನ ಕತೆಯೂ ಅಂಥದ್ದೇ. ಐಎಸ್ ಸಂಖ್ಯೆಯ ಕೆಳಗೆ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರುತ್ತದಲ್ಲ, ಅದು ಸರಕು ಸುರಕ್ಷತೆಯ ಪರೀಕ್ಷೆ ದಾಟಿದೆ ಎಂದು ಹೇಳುತ್ತದೆಯೇ ಹೊರತು ಎಲ್ಲಿ ತಯಾರಾಯಿತೆಂದಲ್ಲ. ಚೀನಾದ ಕಾರ್ಖಾನೆಗಳಿಗೂ ಆ ನೋಂದಣಿ ಸಿಗುತ್ತದೆ.

ಆದರೆ ಆ ಸಂಖ್ಯೆಯೇ ಬೀಗದ ಕೈಯೂ ಹೌದು. ಫೋನಿನಲ್ಲಿ ‘ಬಿಐಎಸ್ ಕೇರ್’ ಆ್ಯಪ್ ಹಾಕಿಕೊಂಡು ಆ ಸಂಖ್ಯೆಯನ್ನು ಒತ್ತಿದರೆ ಅದು ಯಾವ ತಯಾರಕರ ಹೆಸರಿನಲ್ಲಿದೆ ಎಂಬುದು ಗೊತ್ತಾಗುತ್ತದೆ. ಇದರ ಜೊತೆಗೆ ಬಾಕ್ಸಿನ ಮೇಲೆ ಒಂದು ಸಾಲನ್ನು ಹುಡುಕಬೇಕು. ‘ಮ್ಯಾನುಫ್ಯಾಕ್ಚರ್ಡ್ ಬೈ’ ಎಂದರೆ ಮಾಡಿದವರು, ‘ಮಾರ್ಕೆಟೆಡ್ ಬೈ’ ಎಂದರೆ ಮಾರುವವರು, ‘ಇಂಪೋರ್ಟೆಡ್ ಬೈ’ ಎಂದರೆ ತರಿಸಿದವರು. ದೊಡ್ಡ ಅಕ್ಷರದಲ್ಲಿ ಭಾರತದ ಹೆಸರಿದ್ದು, ಕೆಳಗೆ ‘ಇಂಪೋರ್ಟೆಡ್ ಅಂಡ್ ಮಾರ್ಕೆಟೆಡ್ ಬೈ’ ಅಂತ ಬೆಂಗಳೂರಿನ ವಿಳಾಸ ಇದ್ದರೆ ಮತ್ತೆ ಅನುಮಾನಪಡಬೇಕಾಗಿಲ್ಲ, ಅದು ಹೊರಗಿನದು. ಆಮದಾದ ಸರಕಿನ ಮೇಲೆ ಮೂಲ ದೇಶದ ಹೆಸರು ಇರಲೇಬೇಕೆಂದು ಕಾನೂನು ಮಾಪನಶಾಸ್ತ್ರದ ನಿಯಮವಿದೆ. ಆನ್‌ಲೈನಿನಲ್ಲಿ ಮಾರುವವರೂ ಅದನ್ನು ತೋರಿಸಬೇಕು.

ಇಷ್ಟೆಲ್ಲ ನೋಡಿದ ಮೇಲೂ ‘ದೇಶಿ’ ಎಂಬುದು ಹೌದು-ಅಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಯಲ್ಲ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರೆ. ವಿಸ್ಟ್ರಾನ್ ಕಟ್ಟಿದ ಆ ಕಾರ್ಖಾನೆ 2023ರಲ್ಲಿ ಟಾಟಾ ಪಾಲಾಯಿತು, ನಮ್ಮ ಜಿಲ್ಲೆಗಳ ಹೆಣ್ಣುಮಕ್ಕಳು ಅಲ್ಲಿ ದುಡಿಯುತ್ತಾರೆ. ಆದರೆ ಆ ಫೋನಿನ ಮಿದುಳಾದ ಚಿಪ್ ಅಮೆರಿಕದಲ್ಲಿ ವಿನ್ಯಾಸಗೊಂಡು ತೈವಾನಿನಲ್ಲಿ ತಯಾರಾಗುವಂಥದ್ದು. ಹೆಸರು ಹೊರಗಿನದು, ಕೈ ನಮ್ಮದು. ಇನ್ನು ಕೆಲವು ಸರಕುಗಳಲ್ಲಿ ಹೆಸರು ನಮ್ಮದು, ಒಳಗಿನ ಬೋರ್ಡ್ ಹೊರಗಿನದು. ಯಾವುದನ್ನು ದೇಶಿ ಎನ್ನುವುದು? ಈ ಅಂಕಣದ ಅಭಿಪ್ರಾಯದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಇದನ್ನು ಬಲ್ಲವರು ನಮ್ಮ ಕೈಗೆಟುಕುವಷ್ಟು ಹತ್ತಿರ ಇದ್ದಾರೆಯೇ? ಕೆಟ್ಟರೆ ಬಿಚ್ಚಿ ನೋಡುವವರು, ಪಾರ್ಟ್ ಕೊಡುವವರು, ಮುಂದಿನ ಸಲ ಇದಕ್ಕಿಂತ ಚೆನ್ನಾಗಿ ಮಾಡುವವರು ಇಲ್ಲಿದ್ದಾರೆಯೇ?

ಅಂಥವರು ಕರ್ನಾಟಕದಲ್ಲಿ ಇದ್ದರು, ಈಗಲೂ ಇದ್ದಾರೆ. 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ ಶುರುವಾಗಿ ದೇಶಕ್ಕೆಲ್ಲ ಟೆಲಿಫೋನ್ ಮಾಡಿಕೊಟ್ಟಿತು. 1954ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿದ ಬಿಇಎಲ್, ರೇಡಿಯೊ ವಾಲ್ವುಗಳಿಂದ ಹಿಡಿದು ಟ್ರಾನ್ಸಿಸ್ಟರ್, ಟಿವಿಯ ಪಿಕ್ಚರ್ ಟ್ಯೂಬಿನವರೆಗೆ ಮಾಡಿತು. ಮತಗಟ್ಟೆಯಲ್ಲಿ ನಾವು ಗುಂಡಿ ಒತ್ತುವ ಮತಯಂತ್ರವನ್ನು ಮಾಡುವ ಎರಡೇ ಸಂಸ್ಥೆಗಳಲ್ಲಿ ಬಿಇಎಲ್ ಒಂದು, ಇನ್ನೊಂದು ಹೈದರಾಬಾದಿನ ಇಸಿಐಎಲ್. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಲೈನುಗಳ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ಅದೂ ನಮ್ಮ ಕಿತ್ತೂರಿನಲ್ಲಿ. ವಿದೇಶದಿಂದ ಬರುತ್ತಿದ್ದ ದೊಡ್ಡ ಎಕ್ಸ್‌ಚೇಂಜುಗಳಿಗೆ ಎಸಿ ಕೋಣೆ ಬೇಕಿತ್ತು. ನಮ್ಮವರು ಮಾಡಿದ್ದು ಸೆಕೆ, ದೂಳು ಎರಡನ್ನೂ ತಡೆದುಕೊಂಡು ನಡೆಯಿತು. ಊರಿನ ಸ್ಥಿತಿ ಬಲ್ಲವರು ಯಂತ್ರ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಆಮೇಲೆ ಗಾಳಿ ತಿರುಗಿತು. 1997ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು, ಹಲವು ಎಲೆಕ್ಟ್ರಾನಿಕ್ ಸರಕುಗಳ ಆಮದು ಸುಂಕ 2005ರ ಹೊತ್ತಿಗೆ ಸೊನ್ನೆಗೆ ಬಂತು. ಅಗ್ಗದ ಮಾಲು ನುಗ್ಗಿತು. ಆ ಸಂಧಿಕಾಲದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಒಂದು ಸಾಹಸ ಮಾಡಿದರು. ಸ್ವಾಮಿ ಮನೋಹರ್, ವಿಜಯ್ ಚಂದ್ರು ಮೊದಲಾದವರು ಎನ್‌ಕೋರ್ ಸಂಸ್ಥೆಯೊಡನೆ ಸೇರಿ ರೂಪಿಸಿದ ಸಿಂಪ್ಯೂಟರ್ ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್. ಓದಲು ಬಾರದವರಿಗೂ ಒದಗಲಿ ಎಂದು ಕನ್ನಡದಂಥ ಭಾಷೆಗಳಲ್ಲಿ ಬರಹವನ್ನು ಓದಿ ಹೇಳುವ ವ್ಯವಸ್ಥೆ ಅದರಲ್ಲಿತ್ತು. ಬಿಇಎಲ್ ತಯಾರಿಸಿದ ‘ಅಮಿದಾ’ ಮಾದರಿ 2004ರಲ್ಲಿ ಮಾರುಕಟ್ಟೆಗೆ ಬಂದಾಗ, ಸಾಧನವನ್ನು ಓರೆ ಮಾಡಿದರೆ ಪರದೆಯ ಮೇಲಿನದು ಸರಿಯುವ ಸೌಲಭ್ಯವೂ ಇತ್ತು. ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು. ಸಿಂಪ್ಯೂಟರ್ ಮಾರಾಟವಾದದ್ದು ಕೆಲವೇ ಸಾವಿರ. ಬುದ್ಧಿಯ ಕೊರತೆಯಿಂದ ಅದು ಸೋಲಲಿಲ್ಲ. ದೊಡ್ಡ ಮೊತ್ತದಲ್ಲಿ ಕೊಂಡು ಬೆಳೆಸುವ ಕೈ, ಸರ್ಕಾರದ್ದಾಗಲಿ ಖಾಸಗಿಯವರದ್ದಾಗಲಿ, ಮುಂದೆ ಬರಲಿಲ್ಲ.

ಹಾಸನ ಜಿಲ್ಲೆಯವರು ಹೆಮ್ಮೆಪಡಬೇಕಾದ ಸಂಗತಿ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಸನದಲ್ಲಿರುವ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ 1982ರಲ್ಲಿ ಆರಂಭವಾದಾಗ ಅದು ಕಾಯಬೇಕಿದ್ದ ಇನ್ಸಾಟ್-1 ಸರಣಿಯ ಉಪಗ್ರಹಗಳನ್ನು ಅಮೆರಿಕದ ಕಂಪನಿ ಕಟ್ಟಿತ್ತು. ಹತ್ತು ವರ್ಷ ಕಳೆದು 1992ರಲ್ಲಿ ಹಾರಿದ ಇನ್ಸಾಟ್-2ಎ ಭಾರತದಲ್ಲೇ ತಯಾರಾದದ್ದು. ಅರಸೀಕೆರೆಯ ರೈಲು ನಿಲ್ದಾಣದಿಂದ ಒಂದು ಗಂಟೆಯ ದಾರಿಯಲ್ಲಿ ಕುಳಿತವರು ಆಕಾಶದಲ್ಲಿರುವ ದೇಶಿ ಎಲೆಕ್ಟ್ರಾನಿಕ್ಸನ್ನು ಹಗಲಿರುಳು ನೋಡಿಕೊಳ್ಳುತ್ತಿದ್ದಾರೆ.

ಸರಿ, ಹಾಗಾದರೆ ಕೊಳ್ಳುವುದು ಏನನ್ನು? ಫೋನಿನ ವಿಷಯದಲ್ಲಿ ತೀರ ತಲೆ ಕೆಡಿಸಿಕೊಳ್ಳುವುದು ಬೇಡ. ಇಲ್ಲಿ ಜೋಡಿಸಿದ್ದು, ಸರ್ವಿಸ್ ಸೆಂಟರ್ ಹಾಸನದಲ್ಲಾದರೂ ಇರುವುದು, ಅಷ್ಟಿದ್ದರೆ ಸಾಕು. ಆದರೆ ಪೂರ್ತಿ ದೇಶಿಗೆ ಹತ್ತಿರವಾದ ಸಾಧನಗಳು ನಮ್ಮ ಕಣ್ಣೆದುರೇ ಇವೆ, ಅವುಗಳಿಗೆ ಜಾಹೀರಾತಿನ ಹೊಳಪು ಕಡಿಮೆ. ಮಾಲೇಕಲ್ ತಿರುಪತಿಯ ಜಾತ್ರೆಯಲ್ಲಿ, ಬೇಲೂರಿನ ಚೆನ್ನಕೇಶವನ ತೇರಿನಲ್ಲಿ ಮೈಕ್ ಸೆಟ್ಟಿನವರ ಹತ್ತಿರ ಹೋಗಿ ಆಂಪ್ಲಿಫೈಯರಿನ ಮೇಲಿನ ಹೆಸರು ನೋಡಿ. ಅಹುಜಾ ಎಂಬ ಹೆಸರು ಕಾಣುವ ಸಂಭವವೇ ಹೆಚ್ಚು. 1940ರಿಂದ ಇರುವ ದೆಹಲಿಯ ಕಂಪನಿ ಅದು. ಮೈಕ್ ಸೆಟ್ಟಿನವರು ಅದನ್ನು ಬಿಡದಿರಲು ಕಾರಣ ದೇಶಾಭಿಮಾನವಷ್ಟೇ ಅಲ್ಲ: ಕೆಟ್ಟರೆ ಊರಿನಲ್ಲೇ ಬಿಚ್ಚುವವರಿದ್ದಾರೆ, ಪಾರ್ಟ್ ಸಿಗುತ್ತದೆ.

ವೋಲ್ಟೇಜ್ ಏರಿಳಿಯುವ ನಮ್ಮ ಹಳ್ಳಿಗಳಿಗೆ ಬೇಕಾದ ಸ್ಟೆಬಿಲೈಸರ್‌ಗಳ ಪೈಕಿ ವಿ-ಗಾರ್ಡ್ 1977ರಲ್ಲಿ ಕೇರಳದಲ್ಲಿ ಸಣ್ಣದಾಗಿ ಶುರುವಾದದ್ದು. ಟ್ರಾನ್ಸ್‌ಫಾರ್ಮರ್, ರಿಲೇ, ಒಂದು ಸಣ್ಣ ಬೋರ್ಡ್, ಒಳಗಿರುವುದು ಮುಖ್ಯವಾಗಿ ಅಷ್ಟೇ, ಬಿಚ್ಚಿ ಸರಿಮಾಡಬಹುದಾದ ವಸ್ತು. ಇದಕ್ಕಿಂತ ಕುತೂಹಲದ್ದು ಬೋರ್‌ವೆಲ್ ಮೋಟರಿನ ಮೊಬೈಲ್ ಸ್ಟಾರ್ಟರ್. ತೆಂಗಿನ ತೋಟದವರಿಗೆ ತ್ರೀಫೇಸ್ ಕರೆಂಟ್ ಎಷ್ಟೋ ಸಲ ನಡುರಾತ್ರಿಯಲ್ಲಿ ಬರುತ್ತದೆ. ಹಾವು, ಚಿರತೆ, ಬೇಲೂರು ಕಡೆಗೆ ಆನೆಯ ಭಯ. ಮನೆಯಲ್ಲೇ ಕುಳಿತು ಫೋನಿನಿಂದ ಮೋಟರ್ ಹಾಕುವ, ಆರಿಸುವ ಸಾಧನವನ್ನು ಪುಣೆಯ ಸಂತೋಷ್ ಓಸ್ತ್ವಾಲ್ ‘ನ್ಯಾನೊ ಗಣೇಶ್’ ಎಂಬ ಹೆಸರಿನಲ್ಲಿ ರೂಪಿಸಿದರು. ಬೆಂಗಳೂರಿನಿಂದ ‘ಕಿಸಾನ್ ರಾಜಾ’ ಬಂತು. ಈ ತೊಂದರೆ ನಮ್ಮದು, ಇದಕ್ಕೆ ಪರಿಹಾರವನ್ನು ಹೊರಗಿನವರು ಯೋಚಿಸುವುದೂ ಇಲ್ಲ. ಸೌರದೀಪದ ವಿಷಯದಲ್ಲಿ ಹರೀಶ್ ಹಂದೆಯವರ ಸೆಲ್ಕೊ 1995ರಿಂದ ಇದೇ ದಾರಿ ಹಿಡಿದಿದೆ: ಮನೆಯವರ ಕೆಲಸ, ಆದಾಯ ನೋಡಿ ದೀಪ ಕೂರಿಸುವುದು, ಆಮೇಲೆ ಬಂದು ರಿಪೇರಿಯನ್ನೂ ಮಾಡುವುದು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ.

ಮಾಡಿದವರ ಹೆಸರನ್ನು ಸರಕಿನ ಮೇಲೆ ಕೆತ್ತುವ ರೂಢಿ ನಮ್ಮ ಸೀಮೆಯಲ್ಲಿ ಬಹಳ ಹಳೆಯದು. ಬೇಲೂರಿನ ದೇಗುಲ 1117ರದ್ದು. ಅಲ್ಲಿನ ಶಿಲ್ಪಗಳ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಬರೆದಿದ್ದಾರೆ. ನುಗ್ಗೇಹಳ್ಳಿಯಲ್ಲಿ ಮಲ್ಲಿತಮ್ಮ, ಬೈಚೋಜರ ಹೆಸರುಗಳಿವೆ. ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಕೆತ್ತಿದವರ ಹೆಸರು ಗೊತ್ತಿರುವ ಭಾಗ್ಯ ಭಾರತದ ಎಷ್ಟು ಹಳೆಯ ಗುಡಿಗಳಿಗಿದೆ?

ಕಾದಂಬರಿಯ ಮೇಲೆ ಆ ಹೆಸರು ರಕ್ಷಾಪುಟದಲ್ಲೇ ಇರುತ್ತದೆ. ಕಲ್ಪನೆ ಇಲ್ಲಿಯದು, ಊರು ಇಲ್ಲಿಯದು, ಅಚ್ಚಾಗುವುದೂ ಇಲ್ಲೇ. ಪೂರ್ತಿ ದೇಶಿಯಾದ ವಸ್ತು ಬೇಕೆಂದವರಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಬೇಲೂರಿನಿಂದ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಗೆ ಸಿಗುವ ಚಿಕ್ಕಮಗಳೂರಿನಲ್ಲಿ 1925ರಲ್ಲಿ ಹುಟ್ಟಿದವರು ಎನ್. ನರಸಿಂಹಯ್ಯ. ಓದಿದ್ದು ನಾಲ್ಕನೇ ತರಗತಿ. 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ನಿಂದ ಆರಂಭಿಸಿ ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಬಸ್‌ಸ್ಟ್ಯಾಂಡ್, ರೈಲು ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ಅವರ ಪುಟ್ಟ ಪುಸ್ತಕಗಳು ಬಿಕರಿಯಾದವು. ಬಾಡಿಗೆ ಲೈಬ್ರರಿಗಳಲ್ಲಿ ಹತ್ತು ಕೈ ದಾಟಿ ರಟ್ಟು ಕಿತ್ತುಹೋದವು. ಅದೇ ಕಾಲದ ಇನ್ನೊಬ್ಬ ಪತ್ತೇದಾರಿ ಕಾದಂಬರಿಕಾರ ಮ. ರಾಮಮೂರ್ತಿ. ಕನ್ನಡ ಚಳವಳಿಗೆ ಹಳದಿ-ಕೆಂಪು ಬಾವುಟ ಕೊಟ್ಟವರೂ ಅವರೇ. ಬಾವುಟ ಎಲ್ಲರಿಗೂ ಗೊತ್ತು, ಕಾದಂಬರಿಗಳು ಮರೆತುಹೋಗಿವೆ. ‘ಬಂಗಾರದ ಮನುಷ್ಯ’ ಸಿನಿಮಾ ನೋಡದ ಕನ್ನಡಿಗರು ಕಡಿಮೆ. ಅದರ ಮೂಲ ಕಾದಂಬರಿ ಬರೆದ ಟಿ.ಕೆ. ರಾಮರಾವ್ ಅವರ ಕಸುಬುದಾರಿಕೆ ಕಂಡದ್ದು ರೋಚಕ ಕಾದಂಬರಿಗಳಲ್ಲಿ. ಕೊಲೆಯ ಕತೆಯಲ್ಲೂ ಮನೆ, ನೆಂಟಸ್ತಿಕೆ, ಆಸ್ತಿಯ ಒಳಜಗಳವನ್ನು ಬಿಡದೆ ಹಿಡಿದವರು ಅವರು. ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಎಚ್.ಕೆ. ಅನಂತರಾವ್ ಅವರ ‘ಅಂತ’ 1981ರಲ್ಲಿ ಸಿನಿಮಾ ಆಯಿತು.

ಇನ್ನೊಂದು ದಿಕ್ಕಿಗೆ ಹೋದರೆ ಬೇಲೂರಿನ ಪಕ್ಕದ ತಾಲ್ಲೂಕು ಮೂಡಿಗೆರೆ. ಪೂರ್ಣಚಂದ್ರ ತೇಜಸ್ವಿಯವರನ್ನು ಪರಿಸರದ ಲೇಖಕರೆಂದು ಶಾಲೆಯಲ್ಲಿ ಪಾಠ ಮಾಡುತ್ತಾರೆ, ಅವರು ಸಸ್ಪೆನ್ಸ್ ಕಟ್ಟುವುದರಲ್ಲಿ ಎಂಥ ಕುಶಲಿ ಎಂದು ಹೇಳುವುದಿಲ್ಲ. ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿ ವಿಜ್ಞಾನಿಯೊಬ್ಬರ ಸಾವಿನ ಜಾಡು ಹಿಡಿದು ಗುಪ್ತಚರ ಅಧಿಕಾರಿ ಊರಿಗೆ ಬರುತ್ತಾನೆ. ಪತ್ತೇದಾರಿಯ ಚೌಕಟ್ಟು ಅದು. ಆದರೆ ತನಿಖೆ ಮುಂದುವರಿದಂತೆ ಬಯಲಾಗುವುದು ಕೊಲೆಗಾರ ಒಬ್ಬನಲ್ಲ, ಇಡೀ ಊರಿನ ಒಡಲು. ಆ ಪುಸ್ತಕಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರೋಚಕ ಎಂದರೆ ಹಗುರ ಎನ್ನುವವರಿಗೆ ಅಷ್ಟು ಸಾಕ್ಷಿ ಸಾಕು. ‘ಜುಗಾರಿ ಕ್ರಾಸ್’ ಇನ್ನೂ ಬಿಗಿ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ದಂಪತಿ ಘಟ್ಟದ ಕಾಡು, ರೈಲು ಹಳಿ, ಕಳ್ಳಸಾಗಣೆಯ ಜಾಲದಲ್ಲಿ ಸಿಕ್ಕಿಬೀಳುತ್ತಾರೆ. ಸಕಲೇಶಪುರದ ರೈಲು ದಾರಿ ಕಂಡವರಿಗೆ ಅದನ್ನು ಓದುವಾಗ ಎದೆ ಡವಗುಟ್ಟುವುದು ಬೇರೆಯೇ ಬಗೆಯಲ್ಲಿ. ಇದೇ ತೇಜಸ್ವಿ ಕೊನೆಯ ವರ್ಷಗಳಲ್ಲಿ ಕನ್ನಡಕ್ಕೆ ತನ್ನದೇ ತಂತ್ರಾಂಶ ಬೇಕೆಂದು ಹಟ ಹಿಡಿದು ಕೆಲಸ ಮಾಡಿದರು. ಯಂತ್ರವೂ ಕತೆಯೂ ನಮ್ಮದಾಗಿರಬೇಕು ಎಂಬ ಹಂಬಲ ಅವರಲ್ಲಿ ಒಂದೇ ಆಗಿತ್ತು.

ಹಳೇಬೀಡಿನವರು ಮೊದಲು ಓದಬೇಕಾದ ಪುಸ್ತಕ ಮಾತ್ರ ಕೆ.ಎನ್. ಗಣೇಶಯ್ಯ ಅವರ ‘ಕನಕ ಮುಸುಕು’. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದ ಗಣೇಶಯ್ಯ ಕಾದಂಬರಿ ಹೆಣೆದದ್ದು ಒಂದು ನಿಜವಾದ ವಾದದ ಸುತ್ತ. ಹೊಯ್ಸಳ ಗುಡಿಗಳ ಕೆಲವು ಶಿಲ್ಪಗಳ ಕೈಯಲ್ಲಿ ಕಾಳು ಕಾಳಾಗಿ ಸಾಲುಗಟ್ಟಿದ, ತೆನೆಯಂಥ ವಸ್ತುವಿದೆ. ನೋಡಿದರೆ ಥೇಟ್ ಮುಸುಕಿನ ಜೋಳ. ಆದರೆ ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ. ಕೊಲಂಬಸ್ ಅಲ್ಲಿಗೆ ಮುಟ್ಟಿದ್ದು 1492ರಲ್ಲಿ. 12-13ನೇ ಶತಮಾನದ ಶಿಲ್ಪಿಯ ಕೈಗೆ ಆ ತೆನೆ ಎಲ್ಲಿಂದ ಬಂತು? ಕಾರ್ಲ್ ಜೊಹಾನೆಸನ್ ಮತ್ತು ಆ್ಯನ್ ಪಾರ್ಕರ್ 1989ರಲ್ಲಿ ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ಇದು ಜೋಳವೇ ಎಂದು ಬರೆದರು. 1993ರಲ್ಲಿ ಪಾಯಕ್ ಮತ್ತು ಸಚನ್ ಅದೇ ಪತ್ರಿಕೆಯಲ್ಲಿ, ಅಲ್ಲ, ಅದು ಮುತ್ತುಗಳಿಂದ ಕಲ್ಪಿಸಿದ ಮುಕ್ತಾಫಲ ಎಂದು ಉತ್ತರ ಕೊಟ್ಟರು. ವಾದ ಮುಗಿಯದ ಕಡೆ ಕಾದಂಬರಿ ಶುರುವಾಗುತ್ತದೆ. ಗಣೇಶಯ್ಯನವರ ರೀತಿಯೂ ವಿಶೇಷ: ರೋಚಕ ಕತೆಯ ನಡುವೆ ಅಡಿಟಿಪ್ಪಣಿ, ಚಿತ್ರ, ಆಕರಗಳ ಪಟ್ಟಿ ಕೊಡುತ್ತಾರೆ, ಓದುಗರು ಬೇಕಾದರೆ ತಾವೇ ಪತ್ತೇದಾರಿಕೆಗೆ ಇಳಿಯಬಹುದು. ಅವರ ಊಹೆಗಳನ್ನೆಲ್ಲ ಒಪ್ಪಬೇಕೆಂದಿಲ್ಲ. ಮುಕ್ತಾಫಲದ ವಾದವೇ ಈ ಅಂಕಣಕ್ಕೆ ಹೆಚ್ಚು ಸರಿಯೆನಿಸುತ್ತದೆ. ಆದರೂ ಹೊಲದಲ್ಲಿ ಜೋಳ ಬೆಳೆಯುವ ಜಾವಗಲ್ಲಿನ ಹುಡುಗ ಆ ಪುಸ್ತಕ ಓದಿ ಗುಡಿಗೆ ಹೋದರೆ, ಎಂದೂ ನೋಡದಷ್ಟು ಹತ್ತಿರದಿಂದ ಆ ಶಿಲ್ಪವನ್ನು ನೋಡುತ್ತಾನೆ.

ಹೊಸಬರೂ ಇದ್ದಾರೆ. ಅನುಷ್ ಶೆಟ್ಟಿಯವರ ‘ಹುಲಿ ಪತ್ರಿಕೆ’, ‘ಜೋಡ್ಪಾಲ’ ಹಿಡಿದರೆ ಬಿಡಿಸುವುದಿಲ್ಲ. ಮೈಲ್ಯಾಂಗ್ ಆ್ಯಪಿನಲ್ಲಿ ಕನ್ನಡದ ಇ-ಪುಸ್ತಕ, ಆಡಿಯೊ ಪುಸ್ತಕ ಎರಡೂ ಸಿಗುತ್ತವೆ, ತೋಟದಲ್ಲಿ ಕೆಲಸ ಮಾಡುತ್ತಲೇ ಕೇಳಬಹುದು. ದುಡ್ಡು ಕೊಟ್ಟು ಕೊಳ್ಳಲಾಗದವರಿಗೆ ಗ್ರಂಥಾಲಯವಿದೆ. 1965ರ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಅಂದಮೇಲೆ ತಾಲ್ಲೂಕು ಗ್ರಂಥಾಲಯದಲ್ಲಿ, ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಇಂಥ ಪುಸ್ತಕ ತರಿಸಿ ಎಂದು ಕೇಳುವುದು ನಮ್ಮ ಹಕ್ಕು. ಗ್ರಂಥಪಾಲಕರು ‘ಪತ್ತೇದಾರಿ ಎಲ್ಲ ಯಾಕೆ’ ಎಂದರೂ ಬಿಡದೆ ಬರೆದುಕೊಡಿ. ಓದುವ ರೂಢಿ ತಪ್ಪಿದ ಮನೆಗೆ ಅದನ್ನು ಮರಳಿ ತರುವ ಶಕ್ತಿ ಈ ಪುಸ್ತಕಗಳಿಗಿದೆ.

ಇನ್ನೊಂದು ಕೋರಿಕೆಯೂ ಇದೆ. ನರಸಿಂಹಯ್ಯ, ರಾಮಮೂರ್ತಿಯವರ ಎಷ್ಟೋ ಕಾದಂಬರಿಗಳು ಅಗ್ಗದ ಕಾಗದದಲ್ಲಿ ಅಚ್ಚಾದವು, ಈಗ ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿವೆ, ಅಂಗಡಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅರಸೀಕೆರೆ, ಬೇಲೂರು, ಹಳೇಬೀಡಿನ ಹಳೆಯ ಮನೆಗಳ ಅಟ್ಟದ ಮೇಲೆ ಅಜ್ಜ, ದೊಡ್ಡಪ್ಪ ಓದಿ ಇಟ್ಟ ಕಟ್ಟುಗಳು ಇರಬಹುದು. ಮನೆ ಸುಣ್ಣ ಬಳಿಸುವಾಗ ಅವನ್ನು ರದ್ದಿಗೆ ಹಾಕಬೇಡಿ. ದೂಳು ಒರೆಸಿ, ಪುಟಗಳು ಪೂರ್ತಿ ಇವೆಯೇ ನೋಡಿ, ಫೋನಿನಲ್ಲಿ ಒಂದೊಂದೇ ಪುಟದ ಫೋಟೊ ತೆಗೆದಿಡಿ. ಪುಸ್ತಕವನ್ನು ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೋ ಗ್ರಂಥಾಲಯಕ್ಕೋ ತಲುಪಿಸಿ.